ಉಗ್ರಾಣಕ್ಕೆ ತಳ್ಳಿದ ಹಸಿರು ನೀರು

ಸಂಶೋಧನಾ ಸಂಸ್ಥೆಯ ನಿರ್ದೇಶಕರೇ,

ನನ್ನ ಅಕ್ಕ ವರ್ಷಗಟ್ಟಲೆ ಸಾಕಿದ್ದನ್ನು ನೀವು ಕೊಂದಿರಿ. ಸಾಲದ್ದಕ್ಕೆ, ಕೊಂದವಳು ಅವಳೇ ಎಂದು ವಿಚಾರಣೆಗೂ ನಿಲ್ಲಿಸಿದಿರಿ. ಇಷ್ಟು ಅಚ್ಚುಕಟ್ಟಾಗಿ ನೀವು ಬೇರೆ ಯಾವ ಕೆಲಸವನ್ನಾದರೂ ಮುಗಿಸಿದ್ದುಂಟೇ?

ನಿಮ್ಮ ಪ್ರಯೋಗಾಲಯಕ್ಕೆ ಗಾಜಿನ ಕೊಳವೆಗಳನ್ನು ಊದಿಕೊಡುವವನು ನಾನು. ಅವುಗಳಲ್ಲಿ ಅಕ್ಕ ಬೆಳೆಸುತ್ತಿದ್ದುದು ಕಣ್ಣಿಗೆ ಕಾಣದ ಹಸಿರು ಜೀವಿಗಳನ್ನು. ಗಿಡದೆಲೆಯಂತೆ ಬಿಸಿಲು, ಗಾಳಿ, ನೀರು ಉಂಡು ಅವು ಪ್ಲಾಸ್ಟಿಕ್ಕಿಗೆ ಬೇಕಾದ ರಾಸಾಯನಿಕವನ್ನು ಒಸರುತ್ತಿದ್ದವು. ಅದನ್ನೇ ಕಚ್ಚಾತೈಲದಿಂದ ತೆಗೆಯುವ ಕಾರ್ಖಾನೆಯಲ್ಲಿ ದುಡಿದು ನಮ್ಮಪ್ಪ ಕೆಮ್ಮಿ ಕೆಮ್ಮಿ ಸತ್ತ. ಮೊದಲ ಹನಿ ಸಿಕ್ಕ ದಿನ ಅಕ್ಕ ಫೋನು ಮಾಡಿ, "ಲೋ, ಹೊಗೇನೇ ಇಲ್ಲ ಕಣೋ!" ಎಂದು ಅತ್ತುಬಿಟ್ಟಳು. ನಿಮಗಿದು ತಿಳಿಯದು, ನಿಮ್ಮ ಕಣ್ಣು ಒದ್ದೆಯಾಗುವುದು ಕ್ಯಾಮೆರಾ ಕಂಡರೆ ಮಾತ್ರ.

ಆಮೇಲೆ ಗಣ್ಯರ ಭೇಟಿ ಬಂತು. ಬಿಸಿಲು ಬೀಳುವ ವರಾಂಡದಲ್ಲಿ ನೀವು ಮೂಗು ಮುಚ್ಚಿಕೊಂಡು ನಿಂತಿರಿ. ಕೊಳವೆ ಜೋಡಿಸುತ್ತ ಅಕ್ಕನ ಜೊತೆ ನಾನೂ ಅಲ್ಲೇ ಇದ್ದೆ.

"ಏನಮ್ಮಾ ಇದು, ಕೊಚ್ಚೆ ನೀರು? ಒಳಗೆ ಹಾಕ್ಸು."

"ಬೆಳಕಿಲ್ದೆ ಸತ್ತುಹೋಗ್ತವೆ ಸಾರ್."

"ನಾಲ್ಕು ದಿನ ಉಪವಾಸ ಇದ್ರೆ ಯಾರೂ ಸಾಯಲ್ಲ ಬಿಡು."

ಒಂದು ಹೊತ್ತಿನ ಊಟವನ್ನೂ ತಪ್ಪಿಸದ ದೇಹದಿಂದ ಎಂಥ ಮಾತು!

ಕೊಳವೆಗಳು ಬಾಯ್ಲರ್ ಪಕ್ಕದ, ಕಿಟಕಿಯಿಲ್ಲದ ಉಗ್ರಾಣ ಸೇರಿದವು. ವರಾಂಡದಲ್ಲಿ ಪ್ಲಾಸ್ಟಿಕ್ ಗಿಡಗಳನ್ನು ನಿಲ್ಲಿಸಿದಿರಿ. ವೇದಿಕೆಯ ದೀಪಗಳಿಗೆ ಕರೆಂಟು ಸಾಲದೆ, ಮತ್ತೆ ಬೆಳೆಸಲು ಬೇಕಾದ ಮೂಲತಳಿಯನ್ನು ಹೆಪ್ಪುಗಟ್ಟಿಸಿ ಕಾದಿಟ್ಟಿದ್ದ ಫ್ರೀಜರಿನ ಪ್ಲಗ್ಗನ್ನೂ ನಿಮ್ಮ ಜನ ಕಿತ್ತರು. ನಂತರ ಉಗ್ರಾಣದ ಬೀಗದ ಕೈ ಜೇಬಿಗಿಳಿಸಿ ವಿದೇಶಕ್ಕೆ ಹಾರಿದಿರಿ. ಭಾಷಣದ ವಿಷಯ: ಹಸಿರು ಉದ್ಯಮದ ಭವಿಷ್ಯ. ಚಪ್ಪಾಳೆ ಜೋರಾಗಿತ್ತಂತೆ.

ನೀವು ಮರಳಿ ಬಾಗಿಲು ತೆರೆಸಿದಾಗ ಕೊಳವೆಗಳಲ್ಲಿದ್ದುದು ಕಂದು ಗಸಿ. ಅಕ್ಕ ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ನೀವು ಹೇಳಿದಿರಿ: "ಪಾಚಿ ತಾನೇ? ಯಾವುದಾದ್ರೂ ಹೊಂಡದಿಂದ ತಂದ್ಕೊ." ಮರುವಾರವೇ ಅವಳ ಮೇಲೆ ನಿರ್ಲಕ್ಷ್ಯದ ಆರೋಪ. ಅಕ್ಕ ಈಗ ಮನೆಯಲ್ಲಿದ್ದಾಳೆ. ನಾನು ಕರೆದರೂ ತಿರುಗಿ ನೋಡುವುದಿಲ್ಲ.

ಪರಿಹಾರ, ವಿಷಾದ, ಸಮಿತಿ, ಇವು ಯಾವುವೂ ಬೇಡ. ನಮ್ಮ ಮನೆಗೆ ಬನ್ನಿ. "ಕೊಂದವನು ನಾನು" ಎಂದು ಅವಳ ಮುಖ ನೋಡಿ ಹೇಳಿ, ಆರೋಪ ಹಿಂತೆಗೆದುಕೊಂಡು ಕುರ್ಚಿ ಬಿಡಿ. ಹೆದರಬೇಡಿ, ಅವಳು ನಿಮ್ಮನ್ನು ಕೂರಿಸಿ ನೀರು ಕೊಡುತ್ತಾಳೆ. ಅಷ್ಟು ಒಳ್ಳೆಯವಳಾದ್ದರಿಂದಲೇ ನಿಮ್ಮ ಕೈಗೆ ಸಿಕ್ಕಳು.

ಇಂತಿ,
ಅಷ್ಟು ಒಳ್ಳೆಯವನಲ್ಲದ ಅವಳ ತಮ್ಮ