ಅವ್ವನ ರಿಪೋರ್ಟು

ಜೂನ್ 9, ಸೋಮವಾರ. ಗೋಕಾಕ

ತೂಕ, ಬಿಪಿ, ರಕ್ತ — ಬಸಿರಿನ ಏಳನೇ ತಿಂಗಳ ಮಾಮೂಲಿ ತಪಾಸಣೆ. ಶುಗರ್ ಬಂದೀತೆಂದು ಹೆದರಿದ್ದೆ. ಬಂದದ್ದು ಹೆಪಟೈಟಿಸ್ ಬಿ. ಪಾಸಿಟಿವ್. ಜ್ವರವಿಲ್ಲ, ಕಣ್ಣು ಹಳದಿಯಿಲ್ಲ. ಮತ್ತೆ ಎಲ್ಲಿಂದ ಬಂತು?

ಜೂನ್ 11. ಮೂಡಲಗಿ

ಅತ್ತೆಯ ತೀರ್ಪು: "ಕಾಮಣಿ ಆಗೈತಿ." ಕಾಮಾಲೆಯೆಂದು ಎಣ್ಣೆ ಬಂದ್, ಬೆಳಿಗ್ಗೆ ಸೊಪ್ಪಿನ ರಸ. ಕಹಿ! ನನ್ನ ಗಂಗಾಳ, ಲೋಟ ಬೇರೆ ಇಟ್ಟಿದ್ದಾರೆ. "ಲಗ್ನಕ್ಕಿಂತ ಮೊದ್ಲ ರಕ್ತ ತೋರ್ಸಬೇಕಿತ್ತು" ಎಂದರು, ನನಗೆ ಕೇಳಿಸುವಷ್ಟು ಮೆಲ್ಲಗೆ. ನಮ್ಮ ಮನೆಯವರು ತಲೆ ಎತ್ತದೆ ಊಟ ಮಾಡಿದರು. ನನ್ನ ಮೇಲೆ ಸಂಶಯವೇ? ನನಗೂ ಇವರ ಮೇಲೆ... ಥೂ, ಏನು ಬರೆಯುತ್ತಿದ್ದೇನೆ.

ಜೂನ್ 17

ಇವರದು ನೆಗೆಟಿವ್. ರಿಪೋರ್ಟನ್ನು ದೇವರ ಜಗಲಿಯ ಮೇಲಿಟ್ಟಿದ್ದಾರೆ, ಎಸ್ಸೆಸ್ಸೆಲ್ಸಿ ಪಾಸಾದವರ ಹಾಗೆ. ಸಿಟ್ಟು ಬಂತು.

ಡಾಕ್ಟರಮ್ಮ ಅತ್ತೆಗೇ ಹೇಳಿದರು: "ಆ ರಸ ಬಂದ್ ಮಾಡ್ರಿ. ಕೂಡಿ ಉಂಡ್ರ ಹತ್ತೂದಿಲ್ಲ ಇದು. ರಕ್ತದಿಂದ ಹತ್ತತೈತಿ, ಗಂಡ-ಹೆಂಡ್ತಿ ನಡುವ ಹತ್ತತೈತಿ, ಹೆರಿಗ್ಯಾಗ ತಾಯಿಯಿಂದ ಕೂಸಿಗೆ ಬರತೈತಿ. ಮಗನಿಗೆ ಲಸಿಕಿ ಹಾಕಸ್ರಿ. ಕೂಸಿಗೆ ಹುಟ್ಟಿದ ಹನ್ನೆರಡು ತಾಸಿನೊಳಗ ಎರಡು ಸೂಜಿ." ನನ್ನ ಕಡೆ ತಿರುಗಿ — "ನಿಮ್ಮ ಅವ್ವಂದೂ ರಕ್ತ ತೋರ್ಸ್ರಿ."

ಅವ್ವನದು ಯಾಕೆ?

ಜುಲೈ 20. ಮೇಲವಂಕಿ

ಚೊಚ್ಚಲು, ತವರಿಗೆ ಬಂದೆ. ಶುಗರ್ ಟೆಸ್ಟೆಂದು ಸುಳ್ಳು ಹೇಳಿ ಅವ್ವನನ್ನು ಕರೆದೊಯ್ದಿದ್ದೆ. ಅವಳದೂ ಪಾಸಿಟಿವ್! ನನಗೆ ಹುಟ್ಟುವಾಗಲೇ ಬಂದಿರಬಹುದಂತೆ. ಇಷ್ಟು ವರ್ಷ ಇಬ್ಬರಿಗೂ ಗೊತ್ತಿಲ್ಲ.

ಈ ಕಾಗದ ತೋರಿಸಿದರೆ ಅತ್ತೆಯ ಬಾಯಿ ಮುಚ್ಚುತ್ತದೆ. ಖುಷಿಯಾಯಿತು — ಅರೆಕ್ಷಣ. ಆಮೇಲೆ ನಾಚಿಕೆ.

ನಿಜ ಹೇಳಿದಾಗ ಅವ್ವ ಕೇಳಿದ್ದು ಒಂದೇ. "ನಿನಗ ನಾನ ಕೊಟ್ನೇನು?"

ಹೌದೆನ್ನಲೇ, ಇಲ್ಲವೆನ್ನಲೇ? ನೀರು ಕುಡಿಯುವ ನೆಪದಲ್ಲಿ ಎದ್ದುಹೋದೆ.

ಆಗಸ್ಟ್ 28, ಮಧ್ಯಾಹ್ನ. ಆಸ್ಪತ್ರೆ

ಹೆಣ್ಣು. ಬೆಳಿಗ್ಗೆ 6-40. ಎಂಟರೊಳಗೆ ಎರಡೂ ಸೂಜಿ ಆದವು. ಗಡಿಯಾರದಿಂದ ಕಣ್ಣು ಕೀಳಲಿಲ್ಲ. ಸಾಕಾದೀತೇ? ಒಂದು ವರ್ಷದ ಮೇಲೆ ರಕ್ತ ನೋಡಿಯೇ ಹೇಳುತ್ತಾರಂತೆ.

ಆಗಸ್ಟ್ 31. ಮೇಲವಂಕಿ

ಕೂಸಿಗೆ ಎರೆಯುವುದು ಅಜ್ಜಿಯ ಕೆಲಸ, ಚಾಚಿದ ಕಾಲ ಮೇಲೆ ಮಲಗಿಸಿಕೊಂಡು. ನೀರು ಕಾದಿದೆ. ಅವ್ವ ಬಚ್ಚಲ ಹೊರಗೇ ಕೂತಿದ್ದಾಳೆ.

"ಬಾಜೂಮನಿ ರಾಮವ್ವನ್ನ ಕರಿ."

"ಮುಟ್ಟಿದ್ರ ಹತ್ತೂದಿಲ್ಲಬೇ, ಡಾಕ್ಟರ್ ಹೇಳ್ಯಾರ."

"ನಿನ್ನ ಹಡದಾಗೂ ಹಂಗ ತಿಳ್ಕೊಂಡಿದ್ನಿ, ನಾ ಏನೂ ಕೊಟ್ಟಿಲ್ಲಂತ."

ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಕೂಸು ಅಳುತ್ತಿದೆ. ಅವ್ವ ಅಲ್ಲಿಂದಲೇ ಜೋಗುಳ ಹೇಳುತ್ತಿದ್ದಾಳೆ, ಹತ್ತಿರ ಬರುತ್ತಿಲ್ಲ. ಇನ್ನು ಕೇಳುವುದಿಲ್ಲ. ಕೂಸನ್ನು ಒಯ್ದು ಅವಳ ಮಡಿಲಿಗೆ ಹಾಕಿಬಿಡುತ್ತೇನೆ. ಬೈದರೂ ಸರಿ, ಅತ್ತರೂ ಸರಿ.