ಶುಕ್ರವಾರದ ಬೆಳ್ಳಿನೀರು

ಶಿವಮೊಗ್ಗ
20 ಜುಲೈ 2024, ಶನಿವಾರ

ಕರಿಬಸಮ್ಮನವರಿಗೆ ಕೆಮಿಸ್ಟ್ರಿ ಮೇಷ್ಟ್ರು ಪುಟ್ಟಪ್ಪನ ನಮಸ್ಕಾರಗಳು.

ಮೂರು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಎತ್ತಬೇಕಾದ ಕೈಗೇ ಬ್ಯಾಂಡೇಜು ಸುತ್ತಿದ್ದಾರೆಂಬುದು ನನ್ನ ದಡ್ಡ ತಲೆಗೆ ಆಮೇಲೆ ಹೊಳೆಯಿತು. ಅದಕ್ಕೇ ಈ ಕಾಗದ. ನಿಮ್ಮ ಭದ್ರಾವತಿಯಿಂದಲೇ ದಿನಾ ಕಾಲೇಜಿಗೆ ಬಂದುಹೋಗುವ ರಂಜಿನಿ ಮೇಡಂ ಕೈಯಲ್ಲಿ ಕಳಿಸುತ್ತಿದ್ದೇನೆ. ಹೊಲಿಗೆ ಯಾವಾಗ ಬಿಚ್ಚುತ್ತಾರೆ? ಬೆರಳು ಮಡಚಲು ಬರುತ್ತದೆಯೇ?

ನೀವು ನಮ್ಮ ಲ್ಯಾಬಿಗೆ ಅಟೆಂಡರ್ ಆಗಿ ಬಂದು ಹನ್ನೊಂದು ವರ್ಷ. ಆಲ್ಡಿಹೈಡ್ ಯಾವುದು, ಕೀಟೋನ್ ಯಾವುದು ಎಂದು ನಾನು ಬೋರ್ಡು ತುಂಬ ಗೀಚಿದರೂ ತಿಳಿಯದ ಹುಡುಗರಿಗೆ ನೀವು ಬಕೆಟ್ ಹಿಡಿದುಕೊಂಡೇ ಹೇಳಿಬಿಡುತ್ತಿದ್ದಿರಿ: “ಆಲ್ಡಿಹೈಡ್‌ಗೆ ತುದೀಲಿ ಒಂದು ಹೈಡ್ರೋಜನ್ ಇರುತ್ತೆ ಕಣ್ರೋ, ಬೇಗ ಬಾಯಿ ಬಿಡುತ್ತೆ. ಕೀಟೋನ್‌ಗೆ ಎರಡೂ ಕಡೆ ಕಾರ್ಬನ್ ಕಾವಲು, ಬಿಡಲ್ಲ. ಟ್ಯೂಬ್ ಅಲ್ಲಾಡಿಸ್ಬೇಡ ಮಾರಾಯ, ಬಿಸಿನೀರಲ್ಲಿ ಕೂರ್ಸು!” ಗಾಜಿನ ಒಳಗೆ ಬೆಳ್ಳಿ ಹತ್ತಿ ಕನ್ನಡಿಯಾದಾಗ ಮೊದಲು ಮುಖ ನೋಡಿಕೊಳ್ಳುತ್ತಿದ್ದವರೂ ನೀವೇ. ಆ ಕನ್ನಡಿ ಕಟ್ಟುವ ಟಾಲೆನ್ಸ್ ದ್ರಾವಣಕ್ಕೆ ಬೆಳ್ಳಿನೀರು ಎಂದು ಹೆಸರಿಟ್ಟವರೂ ನೀವೇ.

ಆ ಶುಕ್ರವಾರ ಅರ್ಧ ಸೀಸೆ ಬೆಳ್ಳಿನೀರು ಉಳಿಯಿತು. ಅದನ್ನು ಅಂದೇ ಆಮ್ಲ ಬೆರೆಸಿ ಕೆಡಿಸಬೇಕು. ಇಟ್ಟರೆ ತಳದಲ್ಲಿ ಕಪ್ಪು ಗಸಿ ಕಟ್ಟಿ, ಮುಟ್ಟಿದರೆ ಸಿಡಿಯುತ್ತದೆ. ಇದು ಪುಸ್ತಕದಲ್ಲಿದೆ. ಪುಸ್ತಕ ಓದಿದವನು ನಾನು, ನೀವಲ್ಲ. ನೀವು ಬಾಗಿಲಲ್ಲಿ ನಿಂತು ಕೇಳಿದಿರಿ: “ಸಾರ್, ಇದನ್ನ ಏನ್ ಮಾಡ್ಲಿ? ಶುಕ್ರವಾರ ಬೆಳ್ಳೀನ ಮೋರಿಗೆ ಸುರಿಯೋಕೆ ಕೈ ಬರಲ್ಲ.” ನಾನು “ಇರ್ಲಿ” ಎಂದೆ. ಆದರೆ ಆಗ ನಾನು ಫೋನಿನಲ್ಲಿದ್ದೆ. ಆ ‘ಇರ್ಲಿ’ ಫೋನ್ ಮಾಡಿದವರಿಗೆ ಹೇಳಿದ್ದು. ನೀವು ಸೀಸೆ ಇರಲಿ ಎಂದುಕೊಂಡಿರಿ. ಎರಡನೇ ಶನಿವಾರ, ಭಾನುವಾರ ರಜೆ. ಸೋಮವಾರ ಕಪಾಟು ಒರೆಸಲು ಸೀಸೆ ಎತ್ತಿದಿರಿ, ಕೈಯಲ್ಲೇ ಸಿಡಿಯಿತು.

ವಿಚಾರಣೆಯವರು ‘ಅಟೆಂಡರ್ ಯಾರನ್ನೂ ಕೇಳದೆ ಇಟ್ಟಿದ್ದಾರೆ’ ಎಂದು ಬರೆದುಕೊಂಡಾಗ ನಾನು ಎದುರಿಗೇ ಕೂತಿದ್ದೆ. ಪ್ರಿನ್ಸಿಪಾಲ್ ಹುಲಿಯಪ್ಪನವರು, “ಕೆಲಸದಿಂದ ತೆಗೀಬೇಕಾಗುತ್ತೆ ಮೇಷ್ಟ್ರೇ, ಇಲ್ಲಾಂದ್ರೆ ಅವಳ ಕೈಲಿ ಒಂದು ತಪ್ಪೊಪ್ಪಿಗೆ ಬರೆಸ್ಕೊಂಡ್ ಬನ್ನಿ” ಎಂದರು. ಜೊತೆಗಿರುವ ಹಾಳೆಯಲ್ಲಿ ‘ಮೇಷ್ಟ್ರ ಮಾತನ್ನು ತಪ್ಪಾಗಿ ಕೇಳಿಸಿಕೊಂಡೆ, ಕ್ಷಮಿಸಿ’ ಎಂದು ಟೈಪ್ ಮಾಡಿಸಿದ್ದೇನೆ. ಎಡಗೈಯಲ್ಲಾದರೂ ಸಹಿ ಹಾಕಿಕೊಡಿ. ಎಚ್ಚರಿಕೆ ಕೊಟ್ಟು ಬಿಡುತ್ತಾರೆ, ಕೆಲಸ ಉಳಿಯುತ್ತದೆ. ಸೋಮವಾರದೊಳಗೆ ತಲುಪಬೇಕು. ಇಬ್ಬರಿಗೂ ಇದೇ ಒಳ್ಳೆಯದು.

ನಿಮ್ಮ ಬೆರಳು ಬೇಗ ಮಡಚುವಂತಾಗಲಿ ಎಂದು ಕೋರುವ,
ಪುಟ್ಟಪ್ಪ

ಮರೆತದ್ದಲ್ಲ, ಮುಚ್ಚಿಟ್ಟದ್ದು: ರಂಜಿನಿ ಮೇಡಂ ಗೇಟಿನಲ್ಲಿ ಕಾಯುತ್ತಿದ್ದಾರೆ. ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದೆ. ಅಂದು ಯಾರ ಫೋನೂ ಬಂದಿರಲಿಲ್ಲ, ಕರಿಬಸಮ್ಮ. ನಿಮ್ಮ ಮುಖ ನೋಡಿಕೊಂಡೇ ‘ಇರ್ಲಿ’ ಎಂದೆ. ಸೋಮವಾರದ ಬ್ಯಾಚಿಗೆ ಅದೇ ಸಾಕು, ಹೊಸದಾಗಿ ಯಾರು ಮಾಡುತ್ತಾರೆ ಎಂಬ ಸೋಮಾರಿತನ. ಎರಡು ದಿನಕ್ಕೆ ಏನಾಗುತ್ತದೆ ಎಂದುಕೊಂಡೆ. ನಿಮ್ಮ ಕಿವಿ ಸರಿಯಾಗಿಯೇ ಕೇಳಿಸಿಕೊಂಡಿತ್ತು. ಲಕೋಟೆಯಲ್ಲಿ ಆ ಹಾಳೆಯನ್ನು ಹುಡುಕಬೇಡಿ. ಅದರ ಹಿಂಬದಿಗೆ ‘ಇಡಲು ಹೇಳಿದವನು ನಾನು’ ಎಂದು ಬರೆದು, ನಾನೇ ಸಹಿ ಹಾಕಿ, ಹುಲಿಯಪ್ಪನವರ ಕೈಗೆ ಕೊಟ್ಟು ಬಂದಿದ್ದೇನೆ.