ಬಚ್ಚಲ ಕಿಟಕಿಯ ದಾಸವಾಳ

ಲೋ ಗುಂಡಾ,

ಬಚ್ಚಲ ಕಿಟಕೀಲಿರೋ ದಾಸವಾಳದ ಕಡ್ಡೀನ ಬೇರು ಬಂತಾ ಅಂತ ಕಿತ್ತು ನೋಡಬೇಡ. ಮಿಕ್ಕ ಕಡ್ಡಿಗಳನ್ನೆಲ್ಲ ನೀನು ಹಾಗೇ ಕೊಂದಿದ್ದು. ನಾವೆಲ್ಲ ಆಸ್ಪತ್ರೇಲಿದ್ದಾಗ ಅಮ್ಮನ ಗಿಡ ಒಣಗಿಹೋಯ್ತು. ಈಗ ಉಳಿದಿರೋದು ಇದೊಂದೇ. ಮಣ್ಣು ಆರಿದ್ರೆ ಮಾತ್ರ ನೀರು ಚಿಮುಕಿಸು.

ತುದೀಲಿ ಮೊಗ್ಗು ಬಂದಿದೆ. ಬೇರು ಬಿಡೋ ಮುಂಚೆ ಹೂ ಬಿಟ್ರೆ ಕಡ್ಡಿ ಸೊರಗುತ್ತೆ, ಚಿವುಟಿ ಹಾಕು ಅಂತ ನಿನ್ನೆ ನಾನೇ ಬಡ್ಕೊಂಡಿದ್ದೆ. ಈಗ ಹೇಳ್ತಿದೀನಿ, ಚಿವುಟಬೇಡ.

ಗಿಡ ಹೂ ಬಿಟ್ಟಿದೆಯಾ ಅಂತ ಅಮ್ಮ ದಿನಾ ಕೇಳ್ತಾಳೆ. ಮೈತುಂಬ ಬಿಟ್ಟಿದೆ ಅಂತ ಸುಳ್ಳು ಹೇಳ್ಕೊಂಡೇ ಬಂದಿದೀನಿ. ಅರಳಿದ ತಕ್ಷಣ ಕಿತ್ಕೊಂಡು ಆಸ್ಪತ್ರೆಗೆ ಬಾ, ಸಂಜೆಗೆಲ್ಲ ಮುದುಡಿಹೋಗುತ್ತೆ.

ಬೆಳಿಗ್ಗೆ ಡಾಕ್ಟರು ಫೋನ್ ಮಾಡಿದ್ರು. ಕಡ್ಡಿ ಒಣಗಿದ್ರೆ ಒಣಗ್ಲಿ ಕಣೋ. ಅದು ಬೇರು ಬಿಡೋವರೆಗೂ ಅಮ್ಮ ಇರಲ್ವಂತೆ.

ಅಕ್ಕ